ಮುಂದಿನ ಜೂನ್‌ಗೆ ದೋಣಿಯ ಮುಂದಿನ ಆಸನ ನಿನ್ನದು

ಮೈಸೂರು,
ಜುಲೈ 5

ಪ್ರಿಯ ಗೆಳೆಯ,

ಕೆನಡಾದ ಯೂಕಾನ್ ನದಿಯ ದೋಣಿ ಸ್ಪರ್ಧೆಗೆ ಮುಂದಿನ ವರ್ಷ ನನ್ನ ಜೊತೆಗಾರನಾಗಿ ಬರಲು ನೀನು ಒಪ್ಪಿರುವುದು ಸಂತೋಷ. ಆದರೆ ‘ಇನ್ನೂ ಹನ್ನೊಂದು ತಿಂಗಳಿದೆ, ಜಿಮ್‌ಗೆ ಸೇರಿ ತೋಳು ಗಟ್ಟಿ ಮಾಡಿಕೊಳ್ಳುತ್ತೇನೆ’ ಎಂದು ನೀನು ಹೇಳಿದ್ದು ಕೇಳಿ ಗಾಬರಿಯಾಯಿತು. ಇದು ತೋಳಿನ ಆಟವಲ್ಲ. ಎರಡು ಹಗಲು, ಎರಡು ರಾತ್ರಿ ಕೂರುವುದನ್ನು ಕಲಿಯುವ ಆಟ.

ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿಯವರೆಗೆ 715 ಕಿ.ಮೀ. ಹೋದ ವರ್ಷ ನಾನೂ ಆಗಿನ ನನ್ನ ಜೊತೆಗಾರನೂ ಕಡ್ಡಾಯ ವಿಶ್ರಾಂತಿಯನ್ನು ಬಿಟ್ಟು ಸುಮಾರು 50 ಗಂಟೆ ಹುಟ್ಟು ಹಾಕಿದೆವು. ನಿಮಿಷಕ್ಕೆ 60 ಬಾರಿಯಂತೆ ಲೆಕ್ಕ ಹಾಕಿದರೆ ಒಬ್ಬೊಬ್ಬನದೂ 1,80,000 ಸಲ. ಅಷ್ಟನ್ನೂ ತೋಳಿನಿಂದ ಎಳೆಯುವವನು ಮೊದಲ ಸಂಜೆಗೇ ಸೋಲುತ್ತಾನೆ. ಕೆಳಗಿನ ಕೈಯನ್ನು ನೇರವಾಗಿರಿಸಿ, ಹುಟ್ಟಿನ ಅಲಗು ಪೂರ್ತಿ ಮುಳುಗಿದ ಮೇಲೆ ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸಿ ಎಳೆಯಬೇಕು. ಅಲಗು ಸೊಂಟದ ನೇರಕ್ಕೆ ಬಂದೊಡನೆ ನೀರಿನಿಂದ ತೆಗೆಯಬೇಕು. ಹುಟ್ಟಿನ ಹಿಡಿ ಅಲಗಿನ ಬಳಿ ಸುಮಾರು 12 ಡಿಗ್ರಿ ಬಾಗಿರುವುದು ಇದಕ್ಕಾಗಿಯೇ: ಎಳೆತದ ಕೊನೆಯಲ್ಲಿ ಅಲಗು ನೀರನ್ನು ಮೇಲಕ್ಕೆತ್ತದೆ ಹಿಂದಕ್ಕೇ ತಳ್ಳುತ್ತದೆ.

ಸಂಗಮದಲ್ಲಿ ಹರಿಗೋಲು ನಡೆಸಿದ್ದನ್ನು ಇಲ್ಲಿ ಮರೆಯಬೇಕಾಗುತ್ತದೆ. ಹರಿಗೋಲಿಗೆ ಹಿಂದು ಮುಂದಿಲ್ಲ, ನಿಂತಲ್ಲೇ ತಿರುಗುತ್ತದೆ. ಸ್ಪರ್ಧೆಯ ದೋಣಿಯಾದ ಕೆನೂ ಉದ್ದನೆಯದು, ಒಂದೇ ಬದಿಗೆ ಹುಟ್ಟು ಹಾಕುತ್ತಿದ್ದರೆ ಮೂತಿ ಇನ್ನೊಂದು ಬದಿಗೆ ಓಡುತ್ತದೆ. ಹೀಗಾಗಿ ಇಬ್ಬರೂ ಎದುರು ಬದುರು ಬದಿಗಳಲ್ಲಿ ಹುಟ್ಟು ಹಾಕುತ್ತ, ಎಂಟು ಹತ್ತು ಎಳೆತಕ್ಕೊಮ್ಮೆ ಬದಿ ಬದಲಿಸುತ್ತಾರೆ. ಹಿಂದೆ ಕೂತು ದಿಕ್ಕು ನೋಡುವವನು ‘ಹಟ್’ ಎಂದು ಕೂಗಿದಾಗ ಬದಲಾಯಿಸಬೇಕು. (ನಮ್ಮ ಹುಟ್ಟಿಗೂ ಅವರ ‘ಹಟ್’ಗೂ ನಂಟೇನೂ ಇಲ್ಲ, ಆದರೆ ನನಗೆ ನೆನಪಿಟ್ಟುಕೊಳ್ಳಲು ಅನುಕೂಲವಾಯಿತು.) ಕೂಗುವುದು ನನ್ನ ಕೆಲಸ, ವೇಗ ಕಟ್ಟುವುದು ಮುಂದೆ ಕೂತ ನಿನ್ನ ಕೆಲಸ, ನೀನು ಏರುಪೇರು ಮಾಡಿದರೆ ಹಿಂದಿರುವ ನನ್ನ ಲಯವೂ ಕೆಡುತ್ತದೆ.

ಹೋದ ವರ್ಷದ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮಾರ್ಚ್‌ನಿಂದ ಮೇವರೆಗೆ ಪ್ರತಿ ಮುಂಜಾನೆ ವರುಣಾ ಕೆರೆಯಲ್ಲಿ, ನೀರು ಕನ್ನಡಿಯಂತಿರುವ ಹೊತ್ತಿನಲ್ಲಿ ಅಭ್ಯಾಸ ಮಾಡಿ, ಬಿಸಿಲೇರುವ ಮೊದಲೇ ಮನೆಗೆ ಬಂದು ದೋಸೆ ತಿನ್ನುತ್ತಿದ್ದೆ. ಸ್ಪರ್ಧೆಯ ಮೊದಲ ದಿನವೇ ಎದುರಾಗುವ ಲಬಾರ್ಜ್ ಸರೋವರ ಸುಮಾರು 50 ಕಿ.ಮೀ. ಉದ್ದವಿದೆ, ಅಲ್ಲಿ ಹರಿವಿನ ಸಹಾಯವೂ ಇಲ್ಲ. ಗಾಳಿ ಎದ್ದು ಅಲೆಗಳು ಅಡ್ಡ ಬಡಿದಾಗ ನನ್ನ ಸೊಂಟ ಮರಗಟ್ಟಿ, ದೋಣಿ ಅಲುಗಿದಾಗಲೆಲ್ಲ ಹುಟ್ಟು ಬಿಟ್ಟು ಅಂಚನ್ನು ಹಿಡಿದುಕೊಳ್ಳುತ್ತಿದ್ದೆ. ದಡಕ್ಕೆ ಅಂಟಿಕೊಂಡೇ ಸಾಗಿದ್ದರಿಂದ ಪಾರಾದೆವು. ಆ ತಣ್ಣೀರಿನಲ್ಲಿ ಮಗುಚಿದರೆ ವಿ.ಸಿ. ನಾಲೆಯ ಈಜು ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಈ ಆಷಾಢದ ಗಾಳಿಯಲ್ಲೇ ಶುರು ಮಾಡೋಣ, ಅದೂ ಮಧ್ಯಾಹ್ನ, ಜೀವರಕ್ಷಕ ಜಾಕೆಟ್ ತೊಟ್ಟು.

ಊಟದ ವಿಷಯ. ಗಂಟೆಗೊಮ್ಮೆ ಹಸಿವಿಲ್ಲದಿದ್ದರೂ ತಿನ್ನಬೇಕು. ನಾನು ಒಯ್ದ ಕಡಲೆಮಿಠಾಯಿ ಚಳಿಗೆ ಕಲ್ಲಾಯಿತು. ನಿಮ್ಮಮ್ಮ ಮಾಡುವ ಹುರಿಹಿಟ್ಟು ಬೆಲ್ಲದ ಉಂಡೆ, ಬಾಟಲಿಯಲ್ಲಿ ತೆಳ್ಳಗಿನ ಅಂಬಲಿ, ಇವೆರಡನ್ನೂ ಇಲ್ಲಿಯೇ ದೋಣಿಯಲ್ಲಿ ಕೂತು ತಿಂದು ನೋಡಬೇಕು. ಹೊಟ್ಟೆಗೆ ಒಗ್ಗದ್ದನ್ನು ಸ್ಪರ್ಧೆಯ ದಿನ ಮುಟ್ಟಬಾರದು.

ಜೂನ್ ಕೊನೆಗೆ ಅಲ್ಲಿ ರಾತ್ರಿಯೂ ಪೂರ್ತಿ ಕತ್ತಲಾಗುವುದಿಲ್ಲ. ಆದರೆ ಬೆಳಕಿದ್ದರೂ ನಿದ್ದೆ ಬಿಡುವುದಿಲ್ಲ. ಎರಡನೆಯ ರಾತ್ರಿ ದಡದ ಬಂಡೆಗಳೆಲ್ಲ ಒಣಗಲು ಬೋರಲು ಹಾಕಿದ ಹರಿಗೋಲುಗಳಂತೆ ಕಂಡವು. ‘ಇಲ್ಲಿ ಅಂಬಿಗರು ಯಾರಿದ್ದಾರೆ’ ಎಂದು ಜೊತೆಗಾರನನ್ನು ಕೇಳಿದೆ. ಅವನು ಉತ್ತರ ಕೊಡದೆ ಬಾಯಿಗೆ ಖರ್ಜೂರ ತುರುಕಿದ. ನನಗೆ ಅಂಥ ಸ್ಥಿತಿ ಬಂದಾಗ ನೀನೂ ವಾದಕ್ಕಿಳಿಯದೆ ಹಾಗೆಯೇ ಮಾಡು.

ಭಾನುವಾರ ಮಧ್ಯಾಹ್ನ ಮಂಡ್ಯದಿಂದ ಬರುವಾಗ ಅಗಲ ಅಂಚಿನ ಟೋಪಿ ತಾ. ಅದಕ್ಕೆ ಮೊದಲು ನಿನ್ನ ತೂಕ ತಿಳಿಸು. ದೋಣಿಯ ಮೂತಿ ಮೇಲೇಳದಂತೆ ಆಸನಗಳನ್ನು ಹಿಂದೆ ಮುಂದೆ ಸರಿಸಿಡಬೇಕು. ಹೆಣ್ಣು ನೋಡಲು ಹೋದಾಗ ಹೇಳಿದ ತೂಕ ಬೇಡ, ತಕ್ಕಡಿಯ ಮೇಲೆ ನಿಂತು ನೋಡಿ ಬರೆ.

ನಿನ್ನ ಗೆಳೆಯ