ಡಿನ್ನರ್ ಸೆಟ್ಟಿನ ಬಿಡಿ ತಟ್ಟೆಯೂ ಸಿಗುವಂತಾಗಲಿ

ಮಾನ್ಯ ಸಂಪಾದಕರೇ,

ಆಷಾಢದ ರಿಯಾಯಿತಿ ಮಾರಾಟ ಮುಗಿಯುತ್ತಿದ್ದಂತೆಯೇ ಶ್ರಾವಣದ ಗೃಹಪ್ರವೇಶ, ಮದುವೆಗಳಿಗೆ ಉಡುಗೊರೆ ಕೊಳ್ಳುವವರ ಓಡಾಟ ಶುರುವಾಗುತ್ತದೆ. ಜಯನಗರ, ಮಲ್ಲೇಶ್ವರದ ಪಾತ್ರೆ ಅಂಗಡಿಗಳಿಂದ ಹಿಡಿದು ಮಾಲ್‌ಗಳವರೆಗೆ ಎಲ್ಲೆಡೆ ಡಿನ್ನರ್ ಸೆಟ್ಟಿನ ಪೆಟ್ಟಿಗೆಗಳನ್ನು ಆಳೆತ್ತರಕ್ಕೆ ಪೇರಿಸಿಡುವ ಈ ದಿನಗಳಲ್ಲಿ, ಕೊಂಡವರೆಲ್ಲರೂ ಅನುಭವಿಸುವ, ಆದರೆ ಯಾರೂ ದೂರೆಂದು ಬರೆದು ಕೊಡದ ಒಂದು ತೊಂದರೆಯನ್ನು ತಮ್ಮ ಪತ್ರಿಕೆಯ ಮೂಲಕ ತಯಾರಕರ ಹಾಗೂ ವರ್ತಕರ ಗಮನಕ್ಕೆ ತರಲು ಬಯಸುತ್ತೇನೆ. ಆರು ತಟ್ಟೆಗಳ ಸೆಟ್ಟಿನಲ್ಲಿ ಒಂದು ಒಡೆದರೆ, ಅದೇ ಅಳತೆಯ, ಅದೇ ಹೂಬಳ್ಳಿಯ ಇನ್ನೊಂದು ಬಿಡಿ ತಟ್ಟೆ ಸಿಗುವುದು ಈ ಊರಿನಲ್ಲಿ ದುರ್ಲಭ. "ಬಿಡಿ ಕೊಡಲ್ಲ ಸಾರ್, ಸೆಟ್ಟೇ ತಗೋಬೇಕು" ಎಂಬುದು ಅಂಗಡಿಯ ಉತ್ತರ; ಒಂದೆರಡು ವರ್ಷ ಕಳೆದು ಹೋದರೆ ಆ ಡಿಸೈನೇ ನಿಂತುಹೋಗಿರುತ್ತದೆ.

ಸ್ಟೀಲಿನ ವಿಷಯದಲ್ಲಿ ಈ ತಾಪತ್ರಯವಿಲ್ಲ. ಚಿಕ್ಕಪೇಟೆಯ ಸುತ್ತಮುತ್ತಲಿನ ಪಾತ್ರೆ ಅಂಗಡಿಗಳಲ್ಲಿ ಇಂದಿಗೂ ತಟ್ಟೆಯನ್ನು ತಕ್ಕಡಿಗೆ ಹಾಕಿ, ತೂಕದ ಮೇಲೆ ಬೆಲೆ ಹೇಳಿ, ಒಂದು ಬೇಕೆಂದವರಿಗೆ ಒಂದು, ಹದಿನೇಳು ಬೇಕೆಂದವರಿಗೆ ಹದಿನೇಳು ಎಣಿಸಿ ಕೊಡುತ್ತಾರೆ. ಅಜ್ಜಿಯ ಕಾಲದ ತಟ್ಟೆಯ ಮೇಲೆ ಈ ವರ್ಷ ಕೊಂಡ ತಟ್ಟೆ ಅಲುಗದೆ ಕೂರುತ್ತದೆ. ಅಂಚಿನ ಬಳಿ ಚುಕ್ಕಿಚುಕ್ಕಿಯಾಗಿ ಕೊರೆಸಿದ ಹೆಸರು ಮತ್ತು ಇಸವಿ ಮಾತ್ರ ಬೇರೆ. ಈ ಊರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟಗಳನ್ನು ಎರವಲು ಕೊಡುವ ತಟ್ಟೆ ಬ್ಯಾಂಕ್ ನಡೆಸಲು ಸಾಧ್ಯವಾಗಿರುವುದರ ಹಿಂದೆಯೂ, ಕಳೆದುಹೋದ ಒಂದು ತಟ್ಟೆಯ ಜಾಗಕ್ಕೆ ಇನ್ನೊಂದನ್ನು ತಂದಿಡುವ ಈ ಸುಲಭ ಇದೆಯೆಂದು ನನ್ನ ಎಣಿಕೆ.

ಪಿಂಗಾಣಿ, ಓಪಲ್ ಎಂಬ ಹಾಲುಬಿಳುಪಿನ ಗಾಜಿನ ಸೆಟ್ಟುಗಳ ಮಾರಾಟವಾದರೋ ಸಂಖ್ಯೆಯ ಮೇಲೆ ನಡೆಯುತ್ತದೆ. ಪೆಟ್ಟಿಗೆಯ ಮೇಲೆ 27 ಪೀಸ್, 35 ಪೀಸ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದನ್ನು ನೋಡಿ ಹಿಗ್ಗಿ ಮನೆಗೆ ತಂದು ಬಿಚ್ಚಿದರೆ, ಊಟಕ್ಕೆ ಕೂರುವ ತಟ್ಟೆಗಳು ಆರೇ ಇರುತ್ತವೆ. ಉಳಿದವು ತಿಂಡಿ ತಟ್ಟೆ, ಬಟ್ಟಲು, ಬಡಿಸುವ ಬೋಗುಣಿ, ಅದರ ಮುಚ್ಚಳ. ಮುಚ್ಚಳವೂ ಒಂದು ಪೀಸ್! 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿ) ನಿಯಮಗಳ ಪ್ರಕಾರ, ಒಂದೇ ಪೊಟ್ಟಣದಲ್ಲಿ ಹಲವು ಬಗೆಯ ವಸ್ತುಗಳಿದ್ದರೆ ಪ್ರತಿಯೊಂದರ ಹೆಸರು ಮತ್ತು ಸಂಖ್ಯೆಯನ್ನು ಪೊಟ್ಟಣದ ಮೇಲೆ ನಮೂದಿಸಲೇಬೇಕು. ಅದನ್ನು ಪೆಟ್ಟಿಗೆಯ ಮಗ್ಗುಲಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ಹಣ ಕೊಡುವ ಮುನ್ನ ಕನ್ನಡಕ ಹಾಕಿಕೊಂಡು ಓದುವುದು ಒಳ್ಳೆಯದು. ಈ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕೆಂದಷ್ಟೇ ನಿಯಮ ಹೇಳುತ್ತದೆ, ಇತರ ಭಾಷೆಗಳನ್ನು ಹೆಚ್ಚುವರಿಯಾಗಿ ಬಳಸಲು ಅನುಮತಿಯಿದ್ದರೂ ಕನ್ನಡದ ಸಾಲು ಕಂಡ ಪೆಟ್ಟಿಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ತಟ್ಟೆ ಯಾವುದರಿಂದ ಆಗಿದೆ ಎಂಬುದನ್ನು ಹೇಳುವುದರಲ್ಲೂ ಇದೇ ಉದಾಸೀನ. ಬೋನ್ ಚೈನಾ ಎಂಬ ತೆಳುವಾದ, ದೀಪಕ್ಕೆ ಹಿಡಿದರೆ ಬೆಳಕು ಹಾಯುವ ಪಾತ್ರೆಯ ಸಾಂಪ್ರದಾಯಿಕ ಮಿಶ್ರಣದಲ್ಲಿ ಸುಮಾರು ಅರ್ಧದಷ್ಟು ಪ್ರಾಣಿಗಳ ಮೂಳೆಯನ್ನು ಸುಟ್ಟ ಬೂದಿ ಇರುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕಿ ಹುಡುಕಿ ನೋಡುವ ಸಸ್ಯಾಹಾರಿ ಮನೆಗಳಲ್ಲಿ ಇದನ್ನು ತಿಳಿಯದೆಯೇ ದೇವರ ನೈವೇದ್ಯಕ್ಕೆ ಬಳಸಿದವರುಂಟು. ಕೇಳಿದರೆ ಅಂಗಡಿಯ ಹುಡುಗ "ಎಲ್ಲಾ ಒಂದೇ, ಫೈನ್ ಚೈನಾ" ಎನ್ನುತ್ತಾನೆ. ಮೆಲಮೈನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆಯನ್ನು "ಒಡೆಯಲ್ಲ" ಎಂಬ ಒಂದೇ ಮಾತಿನ ಮೇಲೆ ಮಾರುತ್ತಾರೆಯೇ ಹೊರತು, ಅದನ್ನು ಮೈಕ್ರೋವೇವ್‌ನಲ್ಲಿ ಇಡಬಾರದು, ಕುದಿಯುವಷ್ಟು ಬಿಸಿಯಾದ ಹುಳಿ ಪದಾರ್ಥಕ್ಕೆ ಅದು ತಕ್ಕುದಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮದೋ ಸಾರು, ಹುಳಿ, ಗೊಜ್ಜು, ಮೊಸರಿನ ಊಟ. ಹಳೆಯ ಚಿತ್ತಾರದ ಪಿಂಗಾಣಿಯನ್ನು ಸಂಗ್ರಹಿಸುವ ಹವ್ಯಾಸವುಳ್ಳವರೂ ಈ ಮಾತನ್ನು ಗಮನಿಸಬೇಕು: ಬೆರಳಾಡಿಸಿದಾಗ ಚಿತ್ರ ಉಬ್ಬಾಗಿ ಕೈಗೆ ತಗುಲಿದರೆ ಬಣ್ಣ ಮೆರುಗು ಲೇಪದ ಮೇಲಿದೆಯೆಂದೇ ಅರ್ಥ, ಹಳೆಯ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಂಭವವಿದ್ದು, ಹುಳಿ ತಾಗಿದರೆ ಅವು ಆಹಾರಕ್ಕೆ ಇಳಿಯುತ್ತವೆ. ಅಂಥ ತಟ್ಟೆ ಗೋಡೆಗೆ ಚೆಂದ, ಊಟಕ್ಕಲ್ಲ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದೆ. ಒಡೆಯುವ ಪಾತ್ರೆಗಳ ಬೆನ್ನಿನ ಮೇಲೂ ಅವು ಯಾವುದರಿಂದ ಆದವು ಎಂದು ನಾಲ್ಕಕ್ಷರ ಅಚ್ಚೊತ್ತಲು ತಯಾರಕರಿಗೆ ದೊಡ್ಡ ಖರ್ಚೇನೂ ಬಾರದು.

ಬಿಡಿ ತಟ್ಟೆ ಸಿಗದಿರುವುದರ ನಿಜವಾದ ಪರಿಣಾಮ ಕಾಣಬೇಕಾದರೆ ನಮ್ಮ ಮನೆಗಳ ಶೋಕೇಸ್ ನೋಡಬೇಕು. ಒಂದು ಒಡೆದರೆ ಸೆಟ್ಟೇ ಕೆಟ್ಟಿತು ಎಂಬ ಭಯದಿಂದ ಡಿನ್ನರ್ ಸೆಟ್ಟು ಗಾಜಿನ ಬಾಗಿಲ ಹಿಂದೆ ಸೇರುತ್ತದೆ, ಇಲ್ಲವೇ ಪೆಟ್ಟಿಗೆಯ ಸಮೇತ ಅಟ್ಟಕ್ಕೇರಿ ಇನ್ನೊಬ್ಬರ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಹೊರಡುತ್ತದೆ. ಹತ್ತು ಜನ ನೆಂಟರು ಬಂದ ದಿನ ಅದೇ ಮನೆಯಲ್ಲಿ ಒಳಪದರಕ್ಕೆ ಪ್ಲಾಸ್ಟಿಕ್ ಬಳಿದ ಕಾಗದದ ತಟ್ಟೆಗಳಲ್ಲಿ ಊಟವಾಗುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಿ ಆಗಿದೆ. ಅವುಗಳ ಜಾಗಕ್ಕೆ ಮನೆಯ ತಟ್ಟೆ ಬರಬೇಕಾದರೆ ಅದು ಧೈರ್ಯವಾಗಿ ಬಳಸುವಂತಿರಬೇಕು.

ಇಟ್ಟುಕೊಳ್ಳುವ ಕ್ರಮದಲ್ಲಿ ನಮ್ಮ ಕಡೆಯ ತಪ್ಪುಗಳೂ ಇವೆ, ಒಪ್ಪಬೇಕು. ಪಿಂಗಾಣಿ ತಟ್ಟೆಯನ್ನು ಬೋರಲು ಹಾಕಿ ನೋಡಿದರೆ ತಳದ ಬಳೆಯಂಥ ಅಂಚಿಗೆ ಹೆಚ್ಚಾಗಿ ಮೆರುಗು ಲೇಪವಿರುವುದಿಲ್ಲ. ಮುಟ್ಟಿದರೆ ಉಪ್ಪುಕಾಗದದಂತೆ ತರಿತರಿ. ಒಂದರ ಮೇಲೊಂದು ಪೇರಿಸಿ, ನಡುವಿನದನ್ನು ಎಳೆದು ತೆಗೆದಾಗಲೆಲ್ಲ ಆ ಅಂಚು ಕೆಳಗಿನ ತಟ್ಟೆಯ ಹೊಳಪನ್ನು ಗೀರುತ್ತದೆ. ನಡುವೆ ಹಳೆಯ ಪಂಚೆಯದೋ ಹತ್ತಿ ಸೀರೆಯದೋ ತುಂಡೊಂದನ್ನು ಹಾಕಿದರೆ ಸಾಕು. ದಿನಪತ್ರಿಕೆಯ ಹಾಳೆ ಬೇಡ, ತೇವ ತಗುಲಿದರೆ ಮಸಿ ಹತ್ತುತ್ತದೆ (ಪತ್ರಿಕೆಯವರು ಕ್ಷಮಿಸಬೇಕು). ಕಪ್ಪುಗಳನ್ನು ಒಂದರೊಳಗೊಂದು ತುರುಕದೆ, ಭಾರದ ತಟ್ಟೆಗಳನ್ನು ಕೆಳಗಿನ ಅರೆಯಲ್ಲಿಟ್ಟು, ಉಜ್ಜಲು ಸ್ಟೀಲ್ ಸ್ಕ್ರಬ್ಬರ್ ಬದಲು ತೆಂಗಿನ ನಾರನ್ನು ಮೆತ್ತಗೆ ಬಳಸಿದರೆ ಬಾಳಿಕೆ ಹೆಚ್ಚುತ್ತದೆ. ಕಾವೇರಿ ನೀರು ಬಾರದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರಿನ ಗಡಸುತನದಿಂದ ಗಾಜಿನ ಲೋಟ ತಟ್ಟೆಗಳ ಮೇಲೆ ಬಿಳಿಪೊರೆ ಕಟ್ಟುತ್ತದೆ. ಹಿಂಡಿದ ನಿಂಬೆ ಹೋಳಿನಿಂದ ಉಜ್ಜಿದರೆ ಅದು ಬಿಡುತ್ತದೆ, ಹೊಸ ಸೆಟ್ಟು ಕೊಳ್ಳುವ ಕಾರಣವಿಲ್ಲ. ಕೊಳ್ಳುವುದಾದರೆ ಮನೆಯ ಮಾಡ್ಯುಲರ್ ಅಡುಗೆಮನೆಯ ಬುಟ್ಟಿಯನ್ನೂ ಮೈಕ್ರೋವೇವ್ ಒಳಗಿನ ತಿರುಗುತಟ್ಟೆಯನ್ನೂ ಅಳೆದುಕೊಂಡು ಹೋಗುವುದು ಕ್ಷೇಮ, ಏಕೆಂದರೆ ಹನ್ನೊಂದು ಇಂಚಿನ ತಟ್ಟೆ ಎರಡರಲ್ಲೂ ಹಿಡಿಸದಿರಬಹುದು. ಅಂಚೇ ಇಲ್ಲದ ಚಪ್ಪಟೆ ತಟ್ಟೆಯಲ್ಲಿ ಅನ್ನಕ್ಕೆ ತಿಳಿಸಾರು ಕಲಸುವುದು ಹೇಗೆಂಬುದನ್ನು ಅದರ ವಿನ್ಯಾಸಕಾರರೇ ಒಮ್ಮೆ ತೋರಿಸಿಕೊಡಬೇಕು.

ಒಡೆದುದನ್ನು ತುಂಬಿಕೊಡುವುದೇ ಒಂದು ವ್ಯಾಪಾರವಾಗಬಲ್ಲದು. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ 1981ರಲ್ಲಿ ಆರಂಭವಾದ ರಿಪ್ಲೇಸ್‌ಮೆಂಟ್ಸ್ ಎಂಬ ಸಂಸ್ಥೆ, ತಯಾರಿಕೆ ನಿಂತುಹೋದ ವಿನ್ಯಾಸಗಳ ಬಿಡಿ ತಟ್ಟೆ ಬಟ್ಟಲುಗಳನ್ನು ಕೂಡಿಟ್ಟು ಮಾರುತ್ತ ಬಂದಿದೆ. ಅಷ್ಟು ದೊಡ್ಡ ಏರ್ಪಾಡು ನಮಗೆ ಬೇಕಿಲ್ಲ. ಸಾಗಣೆಯಲ್ಲಿ ಒಂದು ತಟ್ಟೆ ಒಡೆದ ಪೆಟ್ಟಿಗೆಗಳು ಅಂಗಡಿಯ ಗೋದಾಮಿನಲ್ಲಿ ಇದ್ದೇ ಇರುತ್ತವೆ. ಅವುಗಳಲ್ಲಿ ಗಟ್ಟಿಯಾಗಿ ಉಳಿದ ತಟ್ಟೆಗಳನ್ನು ಸೆಟ್ಟಿನ ದರಕ್ಕೆ ಅನುಗುಣವಾದ ಬೆಲೆಗೆ ಬಿಡಿಯಾಗಿ ಮಾರಲು ವರ್ತಕರು ಮುಂದಾಗಲಿ. ತಯಾರಕರು ಪ್ರತಿ ತಟ್ಟೆಯ ಬೆನ್ನಿಗೆ ವಿನ್ಯಾಸದ ಸಂಖ್ಯೆಯನ್ನು ಅಚ್ಚೊತ್ತಿ, ವಿನ್ಯಾಸವೊಂದನ್ನು ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅದರ ಬಿಡಿ ತಟ್ಟೆಗಳು ದೊರೆಯುವಂತೆ ನೋಡಿಕೊಳ್ಳಲಿ. ಸಂಖ್ಯೆ ಇದ್ದರೆ ಪೆಟ್ಟಿಗೆ, ರಸೀತಿ ಕಳೆದುಕೊಂಡವರೂ ಅದನ್ನು ಬರೆದುಕೊಂಡು ಅಂಗಡಿಗೆ ಹೋಗಿ ಕೇಳಬಹುದು.

ಇಂತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು, ಬಸವನಗುಡಿ, ಬೆಂಗಳೂರು