ಮಿರಗ ಕೂಡುವುದರೊಳಗೆ

ಧಾರವಾಡ,
ಏಪ್ರಿಲ್ ಕೊನೆಯ ವಾರ

ಚಿರಂಜೀವಿ ತಮ್ಮನಿಗೆ ಅಕ್ಕನ ಅನೇಕ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ, ಉಭಯ ಕುಶಲೋಪರಿ.

ಮೊನ್ನೆ ಫೋನಿನಲ್ಲಿ ನೀನು, "ಅಕ್ಕಾ, ಹೋದ ವರ್ಷ ಆ ಫ್ಲೂ ಇಂಜೆಕ್ಷನ್ ಮಾಡಿಸ್ಕೊಂಡೆ, ಆದ್ರೂ ಎರಡ ಸಲ ನೆಗಡಿ ಬಂತು, ಈ ವರ್ಷ ಮತ್ತ ಯಾಕ?" ಎಂದು ಕೇಳಿದೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನಾನು "ಸುಮ್ಮನ ಮಾಡಿಸ್ಕೋ" ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಆಮೇಲೆ ಮನಸ್ಸಿಗೆ ಸರಿಬರಲಿಲ್ಲ. ಸ್ಟಾಫ್ ನರ್ಸ್ ಆಗಿ 34 ವರ್ಷ ವಾರ್ಡಿನಲ್ಲಿ ದುಡಿಯುವಾಗ ಅವಸರದಲ್ಲಿ ಎಷ್ಟೋ ಜನರಿಗೆ ಇಂಥದೇ ಉತ್ತರ ಕೊಟ್ಟಿದ್ದೇನೆ. ಆದರೆ ಬೆನ್ನಿಗೆ ಬಿದ್ದ ತಮ್ಮ, ಅದೂ ಅರವತ್ತಾರು ತುಂಬಿ ಸಕ್ಕರೆ ಕಾಯಿಲೆ ಇಟ್ಟುಕೊಂಡವನು, ವಿಚಾರ ಮಾಡಿ ಕೇಳಿದ ಪ್ರಶ್ನೆಗೆ ವಿಚಾರ ಮಾಡಿಯೇ ಉತ್ತರ ಕೊಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕನ್ನಡಕ ಹಾಕಿಕೊಂಡು ಓದು.

ಮೊದಲು ನಿನ್ನ ನೆಗಡಿಯ ಮಾತು. ಆ ಇಂಜೆಕ್ಷನ್ ನೆಗಡಿಯದಲ್ಲ. ಮೂಗು ಸೋರಿಸಿ, ಗಂಟಲು ಕೆರೆದು, ನಾಲ್ಕು ದಿನಕ್ಕೆ ಬಿಟ್ಟು ಹೋಗುವ ಶೀತಕ್ಕೆ ಕಾರಣವಾಗುವ ವೈರಸ್ಸುಗಳೇ ಬೇರೆ, ಅವು ನೂರಾರು ಇವೆ, ಅವುಗಳಲ್ಲಿ ಒಂದನ್ನೂ ಈ ಲಸಿಕೆ ತಡೆಯುವುದಿಲ್ಲ. ಇನ್‌ಫ್ಲುಯೆಂಜಾ ಅಂದರೆ ಫ್ಲೂ ಬಂದಾಗ ಬೆಳಗ್ಗೆ ಚೆನ್ನಾಗಿದ್ದವನು ಸಂಜೆಗೆ ಹಾಸಿಗೆ ಹಿಡಿಯುತ್ತಾನೆ. ಚಳಿ, ಸುಡುವ ಜ್ವರ, ಒಣಕೆಮ್ಮು, ಒನಕೆಯಿಂದ ಕುಟ್ಟಿ ಹಾಕಿದಂಥ ಮೈಕೈ ನೋವು. ನಿನಗೆ ಬಂದದ್ದು ಇದಾಗಿದ್ದರೆ ನೀನು ಎರಡೂ ಸಲ ಸಂತೆಗೆ ಹೋಗಿ ಕಾಯಿಪಲ್ಯೆ ತಂದೆನೆಂದು ಹೇಳುತ್ತಿರಲಿಲ್ಲ. ನೆಗಡಿ ಬಂದದ್ದಕ್ಕೆ ಲಸಿಕೆ ಸೋತಿತೆಂದು ಲೆಕ್ಕ ಹಾಕುವುದು, ಕಳ್ಳರಿಗೆಂದು ಹಾಕಿದ ಕೀಲಿ ಇಲಿಯನ್ನು ತಡೆಯಲಿಲ್ಲ ಎಂದಂತೆ.

ಹಾಗೆಂದು ಆ ಕೀಲಿ ಭದ್ರವಾದದ್ದೆಂದೂ ನಾನು ಹೇಳುವುದಿಲ್ಲ. ಲಸಿಕೆಯಲ್ಲಿರುವ ವೈರಸ್ಸಿನ ತಳಿಗಳು ಊರಲ್ಲಿ ಹರಡಿದ ತಳಿಗಳಿಗೆ ಚೆನ್ನಾಗಿ ಹೊಂದಿದ ವರ್ಷದಲ್ಲಿ ಕೂಡ, ವೈದ್ಯರ ಹತ್ತಿರ ಹೋಗಬೇಕಾಗುವಂಥ ಫ್ಲೂ ಬರುವ ಸಂಭವವನ್ನು ಅದು ಶೇಕಡಾ 40ರಿಂದ 60ರಷ್ಟು ತಗ್ಗಿಸುತ್ತದೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಇದು ಎಲ್ಲ ವಯಸ್ಸಿನವರನ್ನು ಸೇರಿಸಿ ಹೇಳಿದ ಮಾತು. ವಯಸ್ಸಾದಂತೆ ನಮ್ಮ ಮೈಯ ರಕ್ಷಣಾಶಕ್ತಿಯೂ ಮುಪ್ಪಾಗುತ್ತದೆ, ಲಸಿಕೆ ಕಲಿಸಿದ ಪಾಠವನ್ನು ಅದು ಅರ್ಧ ಕಲಿತು ಬೇಗ ಮರೆಯುತ್ತದೆ. ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಹತ್ತುವ ಔಷಧ ಇದು. ಈ ಕಾರಣಕ್ಕಾಗಿಯೇ ಅಮೆರಿಕದಲ್ಲಿ 65 ದಾಟಿದವರಿಗೆ ನಾಲ್ಕು ಪಟ್ಟು ಶಕ್ತಿಯ ಡೋಸು ಇಲ್ಲವೆ ಅದಕ್ಕೆ ಸಮನಾದ ಬೇರೆ ಬಗೆಯ ಲಸಿಕೆಯನ್ನು 2022ರಿಂದ ಮೊದಲ ಆಯ್ಕೆಯಾಗಿ ಹೇಳುತ್ತಾರೆ. ನಿನ್ನ ಡಾಕ್ಟರರನ್ನು ಅದರ ಬಗ್ಗೆ ಕೇಳು, ಆದರೆ ಅದು ಸಿಗಲೆಂದು ಕಾಯುತ್ತ ಮಳೆಗಾಲ ಕಳೆಯಬೇಡ.

ಅಷ್ಟು ಕಡಿಮೆ ಹತ್ತುವುದಾದರೆ ಯಾಕೆ ಮಾಡಿಸಬೇಕೆಂದು ನೀನು ಕೇಳುತ್ತೀ. ಇದಕ್ಕೆ ಉತ್ತರ ನನ್ನ ಮೈಮೇಲೆಯೇ ಇದೆ. ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ಹಾವೇರಿಯ ಮದುವೆಗೆ ಹೋದದ್ದು ನಿನಗೆ ನೆನಪಿರಬೇಕು. ಮಳೆ ಹೊಡೆಯುತ್ತಿತ್ತೆಂದು ಬಸ್ಸಿನ ಕಿಟಕಿಗಳನ್ನೆಲ್ಲ ಮುಚ್ಚಿದ್ದರು, ಪಕ್ಕದ ಸೀಟಿನವನು ಹಾವೇರಿ ಮುಟ್ಟುವವರೆಗೂ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದ. ಆ ವರ್ಷ ನಾನು ಇಂಜೆಕ್ಷನ್ ಮಾಡಿಸಿಕೊಂಡಿರಲಿಲ್ಲ. ವಾರ್ಡಿನಲ್ಲಿ ಇಷ್ಟು ವರ್ಷ ಇದ್ದವಳಿಗೆ ಏನಾದೀತು ಎಂಬ ಸೊಕ್ಕು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ. ಮೂರನೆಯ ದಿನ ಜ್ವರ ಬಂತು, ಆರನೆಯ ದಿನ ಇಳಿಯಿತು, ಎಂಟನೆಯ ದಿನ ಉಸಿರು ಸಿಕ್ಕದಂತಾಯಿತು. ಒಂಬತ್ತು ದಿನ ಆಸ್ಪತ್ರೆ. ಜ್ವರಕ್ಕಿಂತ ನನ್ನನ್ನು ಹಣ್ಣು ಮಾಡಿದ್ದು ಆ ಒಂಬತ್ತು ದಿನದ ಹಾಸಿಗೆ. ದಿನಾಲೂ ಸಾಧನಕೇರಿಯವರೆಗೆ ನಡೆದು ಬರುತ್ತಿದ್ದವಳು, ಮನೆಗೆ ಬಂದ ಮೇಲೆ ತುಂಬಿದ ತಂಬಿಗೆಯನ್ನು ಒಂದು ಕೈಯಲ್ಲಿ ಎತ್ತಲಾರದೆ ಎರಡು ಕೈ ಹಚ್ಚುತ್ತಿದ್ದೆ. ನೀನು ತಂದ ಖಡಕ್ ರೊಟ್ಟಿಯನ್ನು ಮುರಿಯಲಾಗದೆ ಹಾಲಿನಲ್ಲಿ ನೆನೆಸಿ ತಿಂದೆ. ತೊಡೆಯ ಮಾಂಸ ಹೋದದ್ದು ಮತ್ತೆ ತುಂಬಲಿಲ್ಲ, ಅಂದು ಹಿಡಿದ ಕೋಲು ಇಂದಿಗೂ ಕೈಯಲ್ಲಿದೆ.

ಆದ್ದರಿಂದ ಫ್ಲೂ ಬಂತೋ ಇಲ್ಲವೋ ಎಂದಷ್ಟೇ ಕೇಳಿ ನಿರ್ಧಾರ ಮಾಡಬೇಡ. ಬಂದರೆ ಅದು ಎಲ್ಲಿಯವರೆಗೆ ಹೋದೀತು ಎಂದು ಕೇಳು. ಲಸಿಕೆ ಹಾಕಿಸಿಕೊಂಡವರಿಗೂ ಫ್ಲೂ ಬರುತ್ತದೆ, ಆದರೆ ಅವರಲ್ಲಿ ಅದು ಎದೆಗೆ ಇಳಿದು ಆಸ್ಪತ್ರೆಯವರೆಗೆ ಹೋಗುವುದು ಕಡಿಮೆ. ಸಕ್ಕರೆ ಕಾಯಿಲೆಯವರಿಗೆ, ಹೃದಯ, ಶ್ವಾಸಕೋಶ, ಕಿಡ್ನಿಯ ತೊಂದರೆ ಇದ್ದವರಿಗೆ ಈ ಅಂತರವೇ ದೊಡ್ಡದು. ಜ್ವರ ಬಂದಾಗ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ಸೋಂಕು ಬಲಿಯುತ್ತದೆ. ಒಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ: ಫ್ಲೂ ಎಂದು ಪರೀಕ್ಷೆಯಲ್ಲಿ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಅಪಾಯ ಸುಮಾರು ಆರು ಪಟ್ಟು ಏರುತ್ತದೆಂದು ಕೆನಡಾದ ಒಂಟಾರಿಯೊದಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ತೋರಿಸಿತು. ಅಪ್ಪ ಜ್ವರದಲ್ಲಿ ಮಲಗಿದ್ದಾಗಲೇ ಎದೆನೋವು ಬಂದು ಹೋದದ್ದನ್ನು ನಾವು ಎರಡು ಬೇರೆ ಬೇರೆ ಕಷ್ಟಗಳೆಂದೇ ತಿಳಿದಿದ್ದೆವು. ಅವು ಬೇರೆ ಇದ್ದವೋ ಒಂದೇ ಇದ್ದವೋ ಈಗ ಯಾರು ಹೇಳಬೇಕು, ಆದರೆ ಅದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಪ್ರತಿವರ್ಷ ಯಾಕೆ ಎಂಬುದು. ಇದಕ್ಕೆ ಎರಡು ಕಾರಣಗಳಿವೆ. ಒಂದು, ಲಸಿಕೆಯ ಬಲ ತಿಂಗಳು ಕಳೆದಂತೆ ಇಳಿಯುತ್ತದೆ. ಇನ್ನೊಂದು, ಫ್ಲೂ ವೈರಸ್ಸು ಮೈ ಬದಲಿಸುತ್ತಲೇ ಇರುತ್ತದೆ, ಹೋದ ವರ್ಷ ಅದನ್ನು ಗುರುತು ಹಿಡಿದ ಮೈ ಈ ವರ್ಷ ಅಪರಿಚಿತನೆಂದು ಬಿಟ್ಟುಬಿಡಬಹುದು. ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆ ಎರಡು ಸಲ, ಫೆಬ್ರುವರಿಯಲ್ಲಿ ಉತ್ತರಾರ್ಧಗೋಳಕ್ಕೆ ಮತ್ತು ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಗೋಳಕ್ಕೆ, ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಹೇಳುತ್ತಾರೆ. ತಯಾರಿಸಲು ಆರು ತಿಂಗಳು ಬೇಕು. ನಮ್ಮ ದೇಶ ಭೂಪಟದಲ್ಲಿ ಉತ್ತರಾರ್ಧಗೋಳದಲ್ಲಿದ್ದರೂ ಫ್ಲೂ ಇಲ್ಲಿ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚಿನವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ. ನಮ್ಮ ಭಾಗದವರಿಗೆ ಕಾಡುವುದು ಮಳೆಗಾಲದ್ದು. ಆದ್ದರಿಂದ ದಕ್ಷಿಣಾರ್ಧಗೋಳಕ್ಕೆಂದು ಮಾಡಿದ, ಬೇಸಿಗೆಯಲ್ಲಿ ಅಂಗಡಿಗೆ ಬರುವ ಹೊಸ ಸರಕನ್ನು ಮೇ ತಿಂಗಳಲ್ಲಿ ಹಾಕಿಸಿಕೊಳ್ಳುವುದು ನಮಗೆ ಹೊಂದುತ್ತದೆ. ಹಾಕಿಸಿಕೊಂಡ ಮೇಲೆ ಮೈಯಲ್ಲಿ ಬಲ ಕೂಡಲು ಎರಡು ವಾರ ಹಿಡಿಯುತ್ತದೆ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದು ಜೂನ್ ಮೊದಲ ವಾರದ ಕೊನೆಗೆ. ಲೆಕ್ಕ ನೀನೇ ಹಾಕು. ಡಬ್ಬಿಯ ಮೇಲೆ ಯಾವ ವರ್ಷದ್ದು, ಯಾವ ಗೋಳಾರ್ಧದ್ದು ಎಂದು ಅಚ್ಚಾಗಿರುತ್ತದೆ, ಓದಿಯೇ ತೋಳು ಮುಂದೆ ಮಾಡು. ಬ್ಯಾಂಕಿನಲ್ಲಿ ಚೆಕ್ಕಿನ ತಾರೀಖು ನೋಡಿದವನಿಗೆ ಇದನ್ನು ಕಲಿಸಬೇಕಿಲ್ಲ.

ನಿನ್ನ ಕಟ್ಟೆಯ ಗೆಳೆಯರು, ಇದೆಲ್ಲ ಕಂಪನಿಗಳ ವ್ಯಾಪಾರ, ನಮ್ಮ ಹಿರಿಯರು ಯಾವ ಸೂಜಿ ಚುಚ್ಚಿಸಿಕೊಂಡಿದ್ದರು ಎನ್ನುತ್ತಾರಂತೆ. ವ್ಯಾಪಾರ ಇಲ್ಲವೆಂದು ನಾನು ವಾದಿಸುವುದಿಲ್ಲ. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಸೇರಿಲ್ಲ, ಕೈಯಿಂದ ಸಾವಿರಕ್ಕೂ ಮೇಲೆ ಖರ್ಚಾಗುತ್ತದೆ, ಪಿಂಚಣಿಯವರಿಗೆ ಅದು ಸಣ್ಣ ಮೊತ್ತವೇನಲ್ಲ. ನಾಲ್ಕು ತಳಿಯದು ಒಳ್ಳೆಯದು, ಮೂರು ತಳಿಯದು ಹಳೆಯದು ಎಂದು ಯಾರಾದರೂ ಹೆಚ್ಚು ಬೆಲೆಯದನ್ನು ತೋರಿಸಿದರೆ ಮಾತ್ರ ಮರುಳಾಗಬೇಡ. ಬಿ ಯಮಗಾಟ ಎಂಬ ನಾಲ್ಕನೆಯ ತಳಿ ಮಾರ್ಚ್ 2020ರ ಈಚೆಗೆ ಜಗತ್ತಿನಲ್ಲಿ ಎಲ್ಲಿಯೂ ಹರಡಿದ್ದು ಖಚಿತವಾಗಿಲ್ಲ, ಅದನ್ನು ಬಿಟ್ಟುಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆದರೆ ಹಿರಿಯರ ಮಾತು ತೆಗೆದದ್ದಕ್ಕೆ ಒಂದು ಹೇಳುತ್ತೇನೆ. ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿದ. ಮರುವರ್ಷ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಅದನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಚುಚ್ಚಿಸಿಕೊಂಡವರು ನಮ್ಮ ಹುಬ್ಬಳ್ಳಿಯ ಜನರೇ. ಆಗಿನ ಲಸಿಕೆಗೆ ಮೈಯೆಲ್ಲ ಜ್ವರ ಕಾಯುತ್ತಿತ್ತು, ಆದರೂ ಅವರು ಸಾಲು ನಿಂತರು. ನಿನ್ನ ಗೆಳೆಯರ ಅಜ್ಜಂದಿರು ಆ ಸಾಲಿನಲ್ಲಿ ಇದ್ದಿರಲೂಬಹುದು.

ನಿನ್ನ ಮನೆಯಾಕೆಯ ಸಂಶಯ ಬೇರೆ ಜಾತಿಯದು, ಅದನ್ನು ನಗೆಯಾಡಬೇಡ. ಇದನ್ನು ತತ್ತಿಯಲ್ಲಿ ಮಾಡುತ್ತಾರಂತೆ ನಿಜವೇ ಎಂದು ಆಕೆ ಕೇಳಿದಳಲ್ಲ, ನಿಜ. ಬಹುಪಾಲು ಫ್ಲೂ ಲಸಿಕೆಗಳಲ್ಲಿ ವೈರಸ್ಸನ್ನು ಕೋಳಿಯ ತತ್ತಿಯಲ್ಲಿ ಬೆಳೆಸಿ, ಕೊಂದು, ಶುದ್ಧಮಾಡಿ ತೆಗೆಯುತ್ತಾರೆ. ತತ್ತಿಯ ಅಂಶ ಉಳಿದರೂ ಅದು ಲೇಶಮಾತ್ರ. ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆಗಳೂ ಇವೆ, ಆಕೆಗೆ ಬೇಕೆನಿಸಿದರೆ ಅವನ್ನು ಕೇಳಬಹುದು. ಲಿಂಗ ಕಟ್ಟಿಕೊಂಡ ಮನೆಯ ನಾನು, ಬಾಯಿಗೆ ಹೋಗುವ ಆಹಾರಕ್ಕೂ ತೋಳಿಗೆ ಹೋಗುವ ಔಷಧಕ್ಕೂ ಒಂದೇ ನೇಮವನ್ನು ಇಟ್ಟುಕೊಂಡಿಲ್ಲ. ಅದು ನನ್ನ ನಿರ್ಧಾರ. ಆಕೆಯದು ಆಕೆಗೆ ಬಿಟ್ಟದ್ದು, ಮುಚ್ಚಿಟ್ಟು ಮಾತ್ರ ಹಾಕಿಸಬೇಡ.

ನಾನು ನಿಜವಾಗಿ ಹೆದರುವುದು ಫ್ರಿಜ್ಜಿಗೆ. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಿಸಿಲಲ್ಲಿ ಬಿಟ್ಟರೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ, ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಒಂದು ಔಷಧದ ಅಂಗಡಿಗೆ ಹೋದೆ. ಹೆಸರು ಬೇಡ. ಫ್ರಿಜ್ಜಿನ ಬಾಗಿಲಲ್ಲಿ, ತಂಪು ಪಾನೀಯದ ಬಾಟಲಿಗಳ ಮಗ್ಗುಲಲ್ಲಿ ಡಬ್ಬಿ ಇತ್ತು. ಬಾಗಿಲು ತೆಗೆದಾಗ ಒಳಗೆ ದೀಪ ಹತ್ತಲಿಲ್ಲ. "ಕರೆಂಟ್ ಯಾವಾಗ ಹೋಗ್ಯಾದೋ?" ಎಂದರೆ, ಹುಡುಗ "ಈಗ ಬರ್ತದ ಬಿಡ್ರಿ ಅಜ್ಜಿ" ಎಂದ. ಒಳಗೆ ಥರ್ಮಾಮೀಟರ್ ಇಲ್ಲ. ನಾನು ಬರಿಗೈಯಲ್ಲಿ ಹಿಂದಿರುಗಿದೆ. ಲಸಿಕೆಗೆಂದೇ ಬೇರೆ ಫ್ರಿಜ್ಜು ಇಟ್ಟು ದಿನಕ್ಕೆ ಎರಡು ಸಲ ತಾಪಮಾನ ಬರೆದಿಡುವ ಕಡೆಯೇ ಹಾಕಿಸಿಕೋ. ಆ ವಹಿಯನ್ನು ತೋರಿಸಿರಿ ಎಂದು ಕೇಳಲು ಸಂಕೋಚಪಡಬೇಡ, ಒಳ್ಳೆಯ ಕಡೆ ಅದನ್ನು ಕೇಳಿದವರನ್ನು ಕಂಡು ಸಂತೋಷಪಡುತ್ತಾರೆ. ಅಂಗಡಿಯಿಂದ ಕೊಂಡು, ಚೀಲದಲ್ಲಿ ಹಾಕಿಕೊಂಡು, ಬಿಸಿಲಲ್ಲಿ ಊರೆಲ್ಲ ತಿರುಗಿ ಡಾಕ್ಟರರ ಹತ್ತಿರ ಒಯ್ಯುವುದಂತೂ ಬೇಡವೇ ಬೇಡ.

ಬಾಧೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತೋಳು ಒಂದೆರಡು ದಿನ ನೋಯುತ್ತದೆ, ಕೆಲವರಿಗೆ ಮೈ ಬೆಚ್ಚಗಾಗುತ್ತದೆ. ಕೊಂದ ವೈರಸ್ಸಿನಿಂದ ಮಾಡಿದ್ದಾದ್ದರಿಂದ ಇದರಿಂದ ಫ್ಲೂ ಬರಲಾರದು. ನರಗಳು ಸೋಲುವ ಗಿಲಾನ್ ಬಾರೆ ಎಂಬ ಕಾಯಿಲೆ ಹತ್ತು ಲಕ್ಷ ಡೋಸುಗಳಿಗೆ ಒಂದೋ ಎರಡೋ ಹೆಚ್ಚಾಗಬಹುದೆಂದು ಲೆಕ್ಕವಿದೆ. ಹಿಂದೆ ಆ ಕಾಯಿಲೆ ಬಂದವರು, ಇದೇ ಲಸಿಕೆಗೆ ಒಮ್ಮೆ ಉಸಿರು ಕಟ್ಟಿ ಮುಖ ಬಾತವರು ಡಾಕ್ಟರರಿಗೆ ಮೊದಲೇ ಹೇಳಬೇಕು. ಆ ದಿನ ಜ್ವರವಿದ್ದರೆ ಮುಂದೆ ಹಾಕು. ನೀನು ರಕ್ತ ತೆಳುಮಾಡುವ ಮಾತ್ರೆ ನುಂಗುವವನು, ಚುಚ್ಚಿದ ಜಾಗವನ್ನು ಎರಡು ನಿಮಿಷ ಒತ್ತಿ ಹಿಡಿ, ಉಜ್ಜಬೇಡ.

ಇಷ್ಟೆಲ್ಲ ಮಾಡಿಯೂ ಆಷಾಢದಲ್ಲಿ ನಿನಗೆ ಚಳಿಜ್ವರ ಬಂದರೆ, ಲಸಿಕೆಯಾಗಿದೆಯಲ್ಲ ಎಂದು ಕಷಾಯ ಕುಡಿಯುತ್ತ ನಾಲ್ಕು ದಿನ ಕೂರಬೇಡ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಎಂಬ ಔಷಧ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಹತ್ತುತ್ತದೆ. ಅಂಗಡಿಯವನು ಕೊಡುವ ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ನ್ಯುಮೋನಿಯಾದ ಲಸಿಕೆ ಬೇರೆ ಇದೆ, ಅದು ಪ್ರತಿವರ್ಷದ್ದಲ್ಲ, ಅದನ್ನೂ ಇದೇ ಭೇಟಿಯಲ್ಲಿ ಡಾಕ್ಟರರಿಗೆ ಕೇಳು. ಬಾಲವಾಡಿಗೆ ಹೋಗುವ ಮೊಮ್ಮಗನಿಗೂ ಫ್ಲೂ ಲಸಿಕೆ ಹಾಕಿಸುವ ವಿಚಾರವನ್ನು ಮಗನೊಂದಿಗೆ ಮಾತಾಡು. ಆರು ತಿಂಗಳು ತುಂಬಿದ ಮಕ್ಕಳಿಗೆ ಅದು ನಡೆಯುತ್ತದೆ, ಮನೆಗೆ ಫ್ಲೂ ತರುವವರಲ್ಲಿ ಮೊದಲಿಗರು ಅವರೇ, ಅವನು ಮಲಗುವುದು ನಿನ್ನ ಮಗ್ಗುಲಲ್ಲಿಯೇ.

ನನ್ನದು ಮೇ ಎರಡನೆಯ ವಾರಕ್ಕೆ ಇಲ್ಲಿ ಗೊತ್ತಾಗಿದೆ. ಗದಗದಲ್ಲಿ ಮನಸ್ಸಿಗೆ ಒಪ್ಪುವ ಜಾಗ ಸಿಗದಿದ್ದರೆ ಬೆಳಗಿನ ಗಾಡಿಗೆ ಹುಬ್ಬಳ್ಳಿಗೆ ಬಂದು ಚಿಗರಿ ಬಸ್ಸು ಹತ್ತು, ಇಬ್ಬರೂ ಕೂಡಿಯೇ ಹೋಗೋಣ. ಮಾಡಿಸಿಕೊಳ್ಳುವುದಿಲ್ಲವೆಂದು ನೀನು ತೀರ್ಮಾನಿಸಿದರೂ ಬಾ, ಸೀಕರಣೆ ಮಾಡಿರುತ್ತೇನೆ, ನಿನ್ನ ಬಟ್ಟಲಿಗೆ ಅರ್ಧವೇ ಬೀಳುತ್ತದೆ. ಬರುವಾಗ ಮಾತ್ರೆಗಳ ಚೀಟಿಯನ್ನು ತೆಗೆದುಕೊಂಡು ಬಾ, ಅರ್ಧ ತೋಳಿನ ಅಂಗಿ ಹಾಕಿಕೊಂಡು ಬಾ. ಹೋದ ವರ್ಷ ಇಸ್ತ್ರಿ ಮಾಡಿದ ತುಂಬುತೋಳನ್ನು ಮೇಲೆ ಸರಿಸಲಾಗದೆ ಆ ಸಿಸ್ಟರ್ ಮುಂದೆ ಅರ್ಧ ಅಂಗಿ ಬಿಚ್ಚಿ ನಿಂತಿದ್ದೆಯಂತೆ, ನಿನ್ನ ಮನೆಯಾಕೆ ಎಲ್ಲ ಹೇಳಿದ್ದಾಳೆ.

ಇಂತಿ ನಿನ್ನ
ಅಕ್ಕ