ಅಳಿವೆಯ ಜೌಗು ಭೂಮಿಯನ್ನು ‘ಉಪಯೋಗವಿಲ್ಲದ ಜಾಗ’ ಎಂದು ಬರೆದಿರುವುದರ ವಿರುದ್ಧ ನಿವಾಸಿಗಳ ಮನವಿ

ಇವರಿಗೆ,
ಅಧ್ಯಕ್ಷರು ಮತ್ತು ಆಯುಕ್ತರು,
ಸ್ಥಳೀಯ ಆಡಳಿತ

ವಿಷಯ: ಜೌಗು ಭೂಮಿಗೆ ಮಣ್ಣು ತುಂಬುವುದನ್ನು ನಿಲ್ಲಿಸಿ, ಅದರ ಬೆಲೆ ಏನೆಂದು ಮೊದಲು ಜನರನ್ನು ಕೇಳುವ ಬಗ್ಗೆ.

ಉಲ್ಲೇಖ: ನಮ್ಮ ಹಿಂದಿನ ಅರ್ಜಿಗಳು. ಎಲ್ಲವೂ ನಿಮ್ಮ ಕಚೇರಿಯಲ್ಲೇ ಇವೆ, ಹುಡುಕಿದರೆ ಸಿಗುತ್ತವೆ.

ಮಾನ್ಯರೇ,

ಕೆಳಗೆ ಸಹಿ ಮಾಡಿದ ನಾವು ತಿಳಿಸುವುದೇನೆಂದರೆ, ನಮಗೆ ಸಾಕಾಗಿದೆ.

ನಿಮ್ಮ ರಸ್ತೆ ಯೋಜನೆಯ ವರದಿ ಓದಿದೆವು. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಅದರಾಚೆಯ ಕೆಸರು ಬಯಲು, ಉಪ್ಪು ಹುಲ್ಲಿನ ಜಾಗ ಎಲ್ಲ ಸೇರಿಸಿ ‘ಉಪಯೋಗವಿಲ್ಲದ ಜಾಗ’ ಎಂದು ಬರೆದಿದ್ದೀರಿ. ಬೆಲೆಯ ಕಾಲಂನಲ್ಲಿ ಒಂದು ಅಡ್ಡಗೆರೆ. ಅಷ್ಟೇ. ಆ ಗೆರೆ ಎಳೆದವರು ಯಾರು? ಯಾರನ್ನು ಕೇಳಿ ಎಳೆದರು?

ಇದನ್ನೇ ಹಿಂದೆಯೂ ಕೇಳಿದ್ದೇವೆ. ಮೊದಲ ಅರ್ಜಿಗೆ ಟಪಾಲು ವಿಭಾಗದಲ್ಲಿ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಮತ್ತೊಂದು ಬರೆದೆವು. ‘ಸಂಬಂಧಪಟ್ಟ ಇಲಾಖೆಗೆ ರವಾನಿಸಲಾಗಿದೆ’ ಎಂದು ಹಿಂಬರಹ ಕೊಟ್ಟಿರಿ. ಆ ಇಲಾಖೆಗೆ ಹೋದರೆ ಅದು ನೀರಿನ ವಿಷಯ ಎಂದರು, ನೀರಿನವರು ಅದು ಕಾಡಿನ ವಿಷಯ ಎಂದರು, ಕಾಡಿನವರು ಜಾಗ ನಿಮ್ಮದೇ ಎಂದು ಮತ್ತೆ ನಿಮ್ಮ ಬಾಗಿಲಿಗೇ ಕಳಿಸಿದರು. ಆನ್‌ಲೈನ್‌ನಲ್ಲಿ ದೂರು ಹಾಕಿದೆವು. ಯಾರೂ ಸ್ಥಳಕ್ಕೆ ಬರಲಿಲ್ಲ, ಆದರೂ ‘ಪರಿಹರಿಸಲಾಗಿದೆ’ ಎಂದು ಮೆಸೇಜ್ ಬಂತು. ಸಾರ್ವಜನಿಕ ಅಹವಾಲು ಸಭೆಯ ನೋಟಿಸನ್ನು ನಿಮ್ಮ ಕಚೇರಿಯ ಹಿಂದಿನ ಗೋಡೆಗೆ ಅಂಟಿಸಿ, ಎಲ್ಲರೂ ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ ಸಭೆ ಮುಗಿಸಿ, ನಡಾವಳಿಯಲ್ಲಿ ‘ಯಾವುದೇ ಆಕ್ಷೇಪಣೆ ಇಲ್ಲ’ ಎಂದು ಬರೆದುಕೊಂಡಿರಿ. ಖಾಲಿ ಕುರ್ಚಿಗಳು ಆಕ್ಷೇಪಣೆ ಹೇಳುವುದಿಲ್ಲ, ಅಲ್ವಾ?

ಕೊನೆಗೊಮ್ಮೆ ಸಿಕ್ಕ ಅಧಿಕಾರಿಯೊಬ್ಬರು ‘ಇಂಗಾಲ ಗಿಂಗಾಲ ಎಲ್ಲ ಜನಕ್ಕೆ ಬೇಕಾಗಿಲ್ಲ, ಜನಕ್ಕೆ ರಸ್ತೆ ಬೇಕು’ ಎಂದರು. ಅದಕ್ಕೇ ಈ ಪತ್ರ ಉದ್ದವಾಗಿದೆ.

ಸ್ವಾಮಿ, ಆ ಜೌಗಿನಲ್ಲಿರುವ ಇಂಗಾಲ ಹೆಚ್ಚಾಗಿ ಮರದಲ್ಲಿಲ್ಲ, ಕೆಸರಿನೊಳಗಿದೆ. ನೀರು ನಿಂತ ಕೆಸರಿಗೆ ಆಮ್ಲಜನಕ ಹೋಗುವುದಿಲ್ಲ. ಹಾಗಾಗಿ ಬಿದ್ದ ಎಲೆ, ಸತ್ತ ಬೇರು ಪೂರ್ತಿ ಕೊಳೆಯದೆ ಪದರ ಪದರವಾಗಿ ನೂರಾರು ವರ್ಷ ಉಳಿಯುತ್ತವೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಭಾಗದ 25 ಕಾಂಡ್ಲಾ ಕಾಡುಗಳನ್ನು ಅಳೆದು ನೋಡಿತು. ಒಂದು ಹೆಕ್ಟೇರಿಗೆ ಸರಾಸರಿ ಸುಮಾರು 1,000 ಟನ್ ಇಂಗಾಲ ಸಿಕ್ಕಿತು. ಅದು ಗಾಳಿಗೆ ಸೇರಿದರೆ ಸುಮಾರು 3,700 ಟನ್ ಇಂಗಾಲದ ಡೈಆಕ್ಸೈಡ್, ಭೂಮಿಯನ್ನು ಬಿಸಿ ಮಾಡುವ ಅನಿಲ. ನಮ್ಮ ಜಾಗದಲ್ಲೂ ಅಷ್ಟೇ ಇದೆ ಎಂದು ನಾವು ಹೇಳುತ್ತಿಲ್ಲ. ಅಳೆದಿಲ್ಲವಲ್ಲ! ಅಳೆಯದೆ ಸೊನ್ನೆ ಎಂದು ಬರೆದವರು ನೀವು. ಇಂಥ ಭೂಮಿಯಿಂದ ನೀರು ಬಸಿದರೆ ಎಷ್ಟು ಇಂಗಾಲ ಹೊರಬೀಳುತ್ತದೆ ಎಂದು ಲೆಕ್ಕ ಹಾಕುವ ವಿಧಾನವನ್ನು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ 2013ರಲ್ಲೇ ಬರೆದುಕೊಟ್ಟಿದೆ. ಹಾಗಾಗಿ ವಿಧಾನವೇ ಇಲ್ಲ ಎಂಬ ನೆಪ ಬೇಡ.

ಇನ್ನು ಜನರ ವಿಷಯ. ಜೌಗು ಭೂಮಿ ಯಾಕೆ ಬೇಕು ಎಂದರೆ ಜನ ಮೊದಲು ಮೀನು, ಹಕ್ಕಿ, ನೆರೆ ತಡೆ ಅಂತಲೇ ಹೇಳುತ್ತಾರೆ. ಇಂಗಾಲ ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಕಣ್ಣಿಗೆ ಕಾಣದ್ದಕ್ಕೆ ಬೆಲೆ ಕಟ್ಟುವುದು ಯಾರಿಗೂ ಸುಲಭವಲ್ಲ. ಅದರ ಲಾಭ ಇಡೀ ಜಗತ್ತಿಗೆ ಹೋಗುತ್ತದೆ, ಜಾಗ ಬಿಟ್ಟುಕೊಡಬೇಕಾದವರು ಮಾತ್ರ ಅಲ್ಲೇ ಇರುವವರು. ಇದು ನಿಜವಾದ ತೊಡಕು, ಒಪ್ಪುತ್ತೇವೆ. ಆದರೆ ಜನರಿಗೆ ತಿಳಿಸದೆ, ಕೇಳದೆ ‘ಅವರಿಗೆ ಬೇಕಾಗಿಲ್ಲ’ ಎಂದು ನೀವೇ ಉತ್ತರ ಬರೆದುಕೊಳ್ಳುವುದು ಯಾವ ನ್ಯಾಯ? ಕೇಳುವ ದಾರಿಯೂ ಹೊಸದಲ್ಲ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ತೈಲ ಸೋರಿತಲ್ಲ, ಆಮೇಲೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದ ನಷ್ಟವನ್ನು ಅಳೆಯುವುದು ಹೇಗೆ ಎಂಬ ಚರ್ಚೆ ನಡೆಯಿತು. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ, ರಾಬರ್ಟ್ ಸೋಲೋ ಅವರ ಮುಂದಾಳುತನದ ಸಮಿತಿ 1993ರಲ್ಲಿ, ಎಚ್ಚರದಿಂದ ಮಾಡಿದ ಜನಾಭಿಪ್ರಾಯ ಸಮೀಕ್ಷೆಯನ್ನು ಇದಕ್ಕೆ ಬಳಸಬಹುದು ಎಂದಿತು. ‘ಉಳಿಸಲು ನೀವು ಎಷ್ಟು ಕೊಡುತ್ತೀರಿ, ಏನು ಬಿಟ್ಟುಕೊಡುತ್ತೀರಿ’ ಎಂದು ನೇರವಾಗಿ ಕೇಳುವುದು. ನೀವು ಕಳಿಸಿದ ಫಾರಂನಲ್ಲಿ ಇದ್ದದ್ದು ಎರಡೇ ಆಯ್ಕೆ: ರಸ್ತೆ ಅಗಲ ಬೇಕೇ, ಇನ್ನೂ ಅಗಲ ಬೇಕೇ.

ನಮ್ಮಲ್ಲೂ ರಸ್ತೆ ಬೇಕು ಅನ್ನುವವರಿದ್ದಾರೆ. ಅವರನ್ನೂ ಕೇಳಿ. ಬೇಡ ಅನ್ನುವುದಿಲ್ಲ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇವೆ. ಉಬ್ಬರದ ನೀರು ಒಳಗೆ ಬರುವ ಮೋರಿ ಕಟ್ಟಡದ ಮಣ್ಣಿನಿಂದ ಮುಚ್ಚಿಹೋಗಿದೆ. ಆ ಮಣ್ಣು ಸುರಿಯುವ ಲಾರಿಗಳು ರಾತ್ರಿ ಬರುತ್ತವೆ, ಅವು ಬರುವ ದಾರಿಯಲ್ಲೇ ಬೀದಿದೀಪ ಉರಿಯುವುದಿಲ್ಲ, ಇದು ಕಾಕತಾಳೀಯ ಎಂದು ನಂಬುವಷ್ಟು ಒಳ್ಳೆಯವರು ನಾವಲ್ಲ. ಚರಂಡಿ ನೀರನ್ನು ಬೇರೆ ಅಲ್ಲಿಗೇ ಬಿಟ್ಟಿದ್ದೀರಿ. ಸಮುದ್ರದ ನೀರಿನಲ್ಲಿರುವ ಸಲ್ಫೇಟ್ ಎಂಬ ಲವಣಾಂಶ, ಭೂಮಿಯನ್ನು ಇನ್ನೂ ಹೆಚ್ಚು ಬಿಸಿ ಮಾಡುವ ಮೀಥೇನ್ ಅನಿಲ ಹುಟ್ಟದಂತೆ ಬಹುಮಟ್ಟಿಗೆ ತಡೆಯುತ್ತದೆ. ಉಪ್ಪುನೀರು ಬರುವುದು ನಿಂತು ಹೊಲಸು ನೀರು ತುಂಬಿದರೆ ಅದೇ ಜಾಗ ಮೀಥೇನ್ ಉಗುಳಲು ಶುರು ಮಾಡುತ್ತದೆ. ಸೊಳ್ಳೆ ಜಾಸ್ತಿ ಆಯಿತು ಎಂದು ಜೌಗಿನ ಮೇಲೆ ಗೂಬೆ ಕೂರಿಸುತ್ತೀರಿ, ಮೋರಿಯ ಮಣ್ಣು ತೆಗೆಸುವುದಿಲ್ಲ. ಮಳೆ ಬಂದರೆ ನೀರು ಮನೆಯೊಳಗೆ. ಗಿಡ ನೆಡುವ ಕಾರ್ಯಕ್ರಮದ ಬೋರ್ಡ್ ಮಾತ್ರ ಗಟ್ಟಿಯಾಗಿ ನಿಂತಿದೆ. ಗಿಡಗಳು ಸತ್ತಿವೆ, ಯಾಕೆಂದರೆ ಹೆಚ್ಚು ಹೊತ್ತು ನೀರಿನಲ್ಲೇ ಮುಳುಗಿರುವ ಬೋಳು ಕೆಸರಿನಲ್ಲಿ, ಒಂದೇ ಜಾತಿಯ ಸಸಿ ಚುಚ್ಚಿ ಫೋಟೋ ತೆಗೆಸಿಕೊಂಡು ಹೋದಿರಿ. ಉಬ್ಬರ ಇಳಿತಕ್ಕೆ ದಾರಿ ಬಿಟ್ಟಿದ್ದರೆ ಪಕ್ಕದ ಮರಗಳ ಬೀಜ ತಾನೇ ತೇಲಿಬಂದು ಬೇರೂರುತ್ತಿತ್ತು. ಅದಕ್ಕೆ ಉದ್ಘಾಟನೆ ಇರುವುದಿಲ್ಲ, ನಿಜ.

ಆದ್ದರಿಂದ ಮಣ್ಣು ತುಂಬುವುದನ್ನು ಇಂದೇ ನಿಲ್ಲಿಸಿ, ಮೋರಿ ತೆರೆಸಿ. ಕೆಸರಿನ ಇಂಗಾಲವನ್ನು ತಿಳಿದವರಿಂದ ಅಳೆಸಿ, ಆ ಅಂಕಿ ಕೈಯಲ್ಲಿಟ್ಟುಕೊಂಡು ಮನೆ ಮನೆಗೆ ಬಂದು ಕೇಳಿ. ಅಲ್ಲಿಯವರೆಗೆ ‘ಉಪಯೋಗವಿಲ್ಲದ ಜಾಗ’ ಎಂಬ ಷರಾ ವರದಿಯಿಂದ ತೆಗೆಯಿರಿ. ಅಹವಾಲು ಸಭೆಯನ್ನು ರಜಾ ದಿನ, ಅಳಿವೆಯ ದಂಡೆಯ ಮೇಲೇ ಮತ್ತೆ ಕರೆಯಿರಿ. ಉತ್ತರವನ್ನು ಬರಹದಲ್ಲಿ, ಸಹಿ ಹಾಕಿದ ಅಧಿಕಾರಿಯ ಹೆಸರಿನೊಂದಿಗೆ ಕೊಡಿ. ‘ರವಾನಿಸಲಾಗಿದೆ’ ಎಂಬ ಹಿಂಬರಹ ಇನ್ನೊಮ್ಮೆ ಬಂದರೆ, ಈ ಪತ್ರದ ಜೊತೆ ಅದನ್ನೂ ಲಗತ್ತಿಸಿ ನ್ಯಾಯಾಲಯಕ್ಕೆ ಹೋಗುತ್ತೇವೆ.

ವಂದನೆಗಳೊಂದಿಗೆ,

ಅಳಿವೆ ದಂಡೆಯ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)